ಹೆದ್ದಾರಿಗೂ ತೋಟದ ದಾರಿಗೂ ಒಂದೇ ಜೋಡಿ ಟೈರು: ಮಳೆಗಾಲಕ್ಕೆ ಮೊದಲು ಮಾಡಿದ ಕೆಲಸದ ದಾಖಲೆ

ಮೇ ತಿಂಗಳ ಎರಡನೆಯ ಶನಿವಾರ ಉಡುಪಿ ಬಳಿಯ ಪರ್ಕಳದ ನಮ್ಮ ಮನೆಯಂಗಳದಲ್ಲಿ ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಟೈರಿನ ಸಂದುಗಳ ಆಳವನ್ನು ವರ್ನಿಯರ್ ಕ್ಯಾಲಿಪರಿನ ಬಾಲದ ಕಡ್ಡಿಯಿಂದ ಅಳೆದೆ. ಅಂಚಿನ ಬಟನ್ನುಗಳ (ಮಣ್ಣು ಕಚ್ಚಲೆಂದು ಎದ್ದು ನಿಂತ ರಬ್ಬರಿನ ತುಂಡುಗಳ) ನಡುವೆ 7 ಮಿಲಿಮೀಟರ್ ಉಳಿದಿತ್ತು. ನಟ್ಟನಡುವೆ 2 ಮಿಲಿಮೀಟರ್ ಕೂಡ ಇರಲಿಲ್ಲ. ಹಿಂದಿನಿಂದ ಬಗ್ಗಿ ನೋಡಿದರೆ ದುಂಡಗಿರಬೇಕಾದ ಟೈರು ಲಾರಿಯ ಟೈರಿನ ಹಾಗೆ ಚಪ್ಪಟೆಯಾಗಿತ್ತು. ಬೈಕು 2019ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಮುಂದೆ 90/90-21, ಹಿಂದೆ 120/90-17 ಅಳತೆಯ ಟೈರುಗಳು, ಸ್ಪೋಕ್ ಚಕ್ರ, ಒಳಗೆ ಟ್ಯೂಬು. ಈ ಬಟನ್ ಟೈರು ಓಡಿದ್ದು 8,600 ಕಿಲೋಮೀಟರ್ ಮಾತ್ರ. ಬೈಕಿನೊಂದಿಗೇ ಬಂದಿದ್ದ ಹಳೆಯ ಟೈರು ಇದೇ ದಾರಿಗಳಲ್ಲಿ 15,000 ದಾಟಿತ್ತು.

ತಪ್ಪು ಟೈರಿನದ್ದಲ್ಲ, ನನ್ನ ಲೆಕ್ಕಾಚಾರದ್ದು. ಹೆಬ್ರಿಯಿಂದ ಒಳಗೆ ಹೆಂಡತಿಯ ತವರಿನ ಅಡಿಕೆ ತೋಟಕ್ಕೆ ಹೋಗುವ ಕೊನೆಯ ಮೂರು ಕಿಲೋಮೀಟರ್ ದಾರಿ ಡಾಮರು ಕಂಡಿಲ್ಲ. ಎರಡು ವರ್ಷಗಳ ಹಿಂದೆ ಜುಲೈಯಲ್ಲಿ ಅಲ್ಲಿ ಒಮ್ಮೆ ಜಾರಿ ಬಿದ್ದವನು, ಮುಂದಿನ ವಾರವೇ ಮುಂದಕ್ಕೂ ಹಿಂದಕ್ಕೂ ಬಟನ್ ಟೈರು ಹಾಕಿಸಿಕೊಂಡಿದ್ದೆ. ಆಗ ಯಾರಾದರೂ ಕೇಳಿದ್ದರೆ ನನ್ನ ಓಡಾಟದಲ್ಲಿ ಅರ್ಧದಷ್ಟು ಕಚ್ಚಾ ದಾರಿಯೇ ಎಂದು ಹೇಳುತ್ತಿದ್ದೆನೇನೋ. ಈ ಸಲ ಅಂದಾಜಿನ ಮಾತು ಬೇಡವೆಂದು ಏಪ್ರಿಲ್ ಪೂರ್ತಿ ಮೀಟರ್ ನೋಡಿ ಬರೆದಿಟ್ಟೆ. ಒಟ್ಟು 1,140 ಕಿಲೋಮೀಟರಿನಲ್ಲಿ ಡಾಮರು ಮತ್ತು ಕಾಂಕ್ರೀಟು 985, ಉಳಿದ 155 ಮಣ್ಣು, ಜಲ್ಲಿ ಮತ್ತು ಚರಳು. ವಾರಕ್ಕೆರಡು ಸಲ ಸುರತ್ಕಲ್‌ಗೆ ಕೆಲಸಕ್ಕೆ ಹೋಗಿಬರುವ ರಾಷ್ಟ್ರೀಯ ಹೆದ್ದಾರಿ 66ರ ನೇರ ಓಟವೇ ಬಹುಪಾಲನ್ನು ನುಂಗಿತ್ತು. ಕಟಪಾಡಿ, ಕಾಪು, ಪಡುಬಿದ್ರಿ, ಹೆಜಮಾಡಿ, ಮೂಲ್ಕಿ ಎಂದು ನೂಲು ಹಿಡಿದಂತೆ ಸಾಗುವ ಆ ರಸ್ತೆಯಲ್ಲಿ ಬೈಕು ವಾಲುವುದೇ ಅಪರೂಪವಾದ್ದರಿಂದ ಟೈರಿನ ನಡುವಿನ ಎರಡು ಬೆರಳು ಅಗಲವಷ್ಟೇ ಸವೆಯುತ್ತಾ ಹೋಗಿ, ಪಕ್ಕದ ಬಟನ್ನುಗಳು ಹೊಸದರಂತೆಯೇ ಉಳಿದಿದ್ದವು. ಹಾಗೆ ಚಪ್ಪಟೆಯಾದ ಟೈರು ತಿರುವಿನಲ್ಲಿ ಒಮ್ಮೆಲೇ ಅಂಚು ದಾಟಿ ಬೀಳುವಂತೆ ವಾಲುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇದು ಪ್ರತಿ ಬಾರಿಯೂ ಅನುಭವಕ್ಕೆ ಬರುತ್ತಿತ್ತು.

ನಮ್ಮ ಕರಾವಳಿಯ ಕಚ್ಚಾ ದಾರಿ ಎಂಬುದು ಒಂದೇ ಬಗೆಯದ್ದಲ್ಲ. ಟೈರಿನ ಆಯ್ಕೆ ಕಷ್ಟವಾಗುವುದೇ ಇದರಿಂದ. ಬೇಸಿಗೆಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ದಾರಿ ಕಾವಲಿಯಂತೆ ಗಟ್ಟಿಯಾಗಿದ್ದು, ಅದರ ಮೇಲೆ ಕಡಲೆಕಾಳಿನ ಗಾತ್ರದ ಚರಳು ಚೆಲ್ಲಿಕೊಂಡಿರುತ್ತದೆ. ಇಲ್ಲಿ ಬಟನ್ ಟೈರಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಕೆಳಗಿನ ನೆಲಕ್ಕೆ ಬಟನ್ನು ಇಳಿಯುವುದಿಲ್ಲ, ಮೇಲಿನ ಕಾಳುಗಳು ಎಂಥ ರಬ್ಬರಿನ ಅಡಿಯಲ್ಲೂ ಉರುಳುತ್ತವೆ. ಹೊಸದಾಗಿ ಸುರಿದ, ಇನ್ನೂ ರೋಲರ್ ಓಡಿಸದ ಜಲ್ಲಿಯಲ್ಲಿ ಮಾತ್ರ ಬಟನ್ನುಗಳು ಕಲ್ಲುಗಳ ನಡುವೆ ಕೂತು ಹ್ಯಾಂಡಲನ್ನು ನೆಟ್ಟಗೆ ಹಿಡಿಯುತ್ತವೆ. ಜೂನ್ ಕಳೆದ ಮೇಲೆ ಅದೇ ಮುರಕಲ್ಲು ದಾರಿಯ ತಗ್ಗುಗಳಲ್ಲಿ ಕೆಂಪು ಕೆಸರು ನಿಲ್ಲುತ್ತದೆ. ಬಟನ್ ಟೈರು ನಿಜವಾಗಿ ತನ್ನ ಬೆಲೆಯನ್ನು ದುಡಿಯುವುದು ಅಲ್ಲಿ, ಅದೂ ಕೆಸರು ಸಂದುಗಳಲ್ಲಿ ತುಂಬಿಕೊಳ್ಳುವವರೆಗೆ. ಇನ್ನು ಮನೆಯೆದುರಿನ ಕಾಂಕ್ರೀಟು ಇಳಿಜಾರಿನಲ್ಲಿ ಹಿಡಿಯುವ ಹಸಿರು ಪಾಚಿಗೆ ಯಾವ ಕಂಪನಿಯೂ ಟೈರು ಮಾಡಿಲ್ಲ. ಅದಕ್ಕೆ ಸುಣ್ಣ ಹಾಕಿ ಹಿಡಿಸೂಡಿಯಿಂದ ತಿಕ್ಕುವುದೊಂದೇ ದಾರಿ.

ಒದ್ದೆ ಡಾಮರಿನ ವಿಷಯ ಬೇರೆ. ಬಟನ್ ಟೈರಿನಲ್ಲಿ ಖಾಲಿ ಜಾಗ ಹೆಚ್ಚು, ನೆಲಕ್ಕೆ ತಾಗುವ ರಬ್ಬರು ಕಡಿಮೆ. ಸಾಲದ್ದಕ್ಕೆ, ಎತ್ತರವಾಗಿ ಒಂಟಿಯಾಗಿ ನಿಂತ ಪ್ರತಿಯೊಂದು ಬಟನ್ನೂ ಬ್ರೇಕ್ ಹಿಡಿದಾಗ ಬಾಗುತ್ತದೆ. ಅದರ ಹಿಂದಿನ ಅಂಚು ನೆಲ ಬಿಟ್ಟು ಏಳುತ್ತದೆ. ನನ್ನ ಮುಂದಿನ ಟೈರಿನ ಬಟನ್ನುಗಳು ಇದೇ ಕಾರಣಕ್ಕೆ ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗಾಗಿ ಗರಗಸದ ಹಲ್ಲಿನಂತೆ ಸವೆದಿದ್ದವು. ಅಂಗೈಯನ್ನು ಒಂದು ದಿಕ್ಕಿಗೆ ಸವರಿದರೆ ನುಣುಪು, ತಿರುಗಿಸಿ ಸವರಿದರೆ ತುರಿಮಣೆ. ಗಂಟೆಗೆ 60 ಕಿಲೋಮೀಟರ್ ದಾಟಿದರೆ ಬರುತ್ತಿದ್ದ ಗುಂಯ್ ಎನ್ನುವ ಸದ್ದಿಗೂ ಅದೇ ಕಾರಣ. ನಾನು ಎರಡು ತಿಂಗಳು ಅದನ್ನು ಚಕ್ರದ ಬೇರಿಂಗಿನ ಸದ್ದೆಂದು ತಿಳಿದು ಬೇರಿಂಗ್ ಬದಲಾಯಿಸಿಕೊಂಡದ್ದು ಬೇರೆಯೇ ಕಥೆ.

ಅಂಗಡಿಗಳಲ್ಲಿ ಕೇಳುವ 80-20, 50-50 ಎಂಬ ಲೆಕ್ಕ ಯಾವುದೋ ಪ್ರಯೋಗಶಾಲೆ ಅಳೆದು ಕೊಟ್ಟದ್ದಲ್ಲ. ಡಾಮರಿಗೆಷ್ಟು, ಮಣ್ಣಿಗೆಷ್ಟು ಎಂದು ತಯಾರಕರೇ ತಮ್ಮ ಟೈರಿನ ಬಗ್ಗೆ ಹೇಳಿಕೊಳ್ಳುವ ಮಾತು. ಆದರೂ ಒಂದು ಗುಂಪನ್ನು ಇನ್ನೊಂದರಿಂದ ಬೇರ್ಪಡಿಸಲು ಅದು ಸಾಕು. ಕಾಂಟಿನೆಂಟಲ್ ಟಿಕೆಸಿ 80 ಮಾದರಿಯ ದೊಡ್ಡ ಬಟನ್ನಿನ ಟೈರುಗಳು ಒಂದು ತುದಿಗೆ. ಮಿಟಾಸ್ ಇ-07 ತರಹದವು ನಡುವೆ. ಮೆಟ್ಜೆಲರ್ ಟೂರೆನ್ಸ್, ಮಿಶೆಲಿನ್ ಅನಾಕೀ ಸ್ಟ್ರೀಟ್ ಮೊದಲಾದವು ಡಾಮರಿನ ಕಡೆಗೆ. ನನ್ನ ತೀರ್ಮಾನ ಹೀಗಿತ್ತು: ಮಣ್ಣಿನ ದಾರಿಯಲ್ಲಿ ನಾನು 30ರ ವೇಗದಲ್ಲಿರುತ್ತೇನೆ, ಟೈರಿನ ಗಾಳಿ ಇಳಿಸಬಹುದು, ತೀರ ಬೇಡವೆನಿಸಿದರೆ ಇಳಿದು ತಳ್ಳಬಹುದು. ಮಳೆಯಲ್ಲಿ ಪಡುಬಿದ್ರಿಯ ಬಳಿ ಎದುರಿನ ಬಸ್ಸು ತಟ್ಟನೆ ನಿಂತಾಗ ಇವು ಯಾವುವೂ ನನ್ನ ಕೈಯಲ್ಲಿರುವುದಿಲ್ಲ. ಆದ್ದರಿಂದ ಒದ್ದೆ ಡಾಮರಿಗಾಗಿ ಟೈರು ಆರಿಸಬೇಕು, ಮಣ್ಣನ್ನು ಗಾಳಿಯ ಒತ್ತಡದಿಂದ ನಿಭಾಯಿಸಬೇಕು.

ಇಷ್ಟು ಬರೆದಿಟ್ಟುಕೊಂಡೂ ಮೊದಲು ಹಿಂದಿನದನ್ನು ಮಾತ್ರ ಬದಲಾಯಿಸಿದೆ. ಮುಂದಿನ ಟೈರಿನಲ್ಲಿ ಇನ್ನೂ 5 ಮಿಲಿಮೀಟರ್ ಇತ್ತು. ಮುಂದೆ ಬಟನ್, ಹಿಂದೆ ರಸ್ತೆಯ ಟೈರು ಎಂಬುದು ಬಹಳ ಜನ ಒಪ್ಪುವ ಜೋಡಣೆಯೂ ಹೌದು. ಹಿಂದಿನ ಚಕ್ರ ಸ್ವಲ್ಪ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ ಎಂಬ ಅದರ ಹಿಂದಿನ ತರ್ಕದಲ್ಲೂ ಹುರುಳಿದೆ.

ಅಳತೆಯ ಬಗ್ಗೆ ಒಂದು ಮಾತು. ಅಂಗಡಿಯವರು 130/80-17 ಹಾಕಿ, ನೋಡಲಿಕ್ಕೆ ಗಟ್ಟಿಮುಟ್ಟಾಗಿರುತ್ತದೆ ಎಂದರು. 120/90-17 ಎಂದರೆ ಅಗಲ 120 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 90, ಅಂದರೆ 108. 17 ಇಂಚಿನ ರಿಮ್ಮಿಗೆ ಎರಡು ಕಡೆಯ ಗೋಡೆ ಸೇರಿಸಿದರೆ ಒಟ್ಟು ವ್ಯಾಸ ಸುಮಾರು 648 ಮಿಲಿಮೀಟರ್. 130/80 ಹಾಕಿದರೆ ಅದು 640ಕ್ಕೆ ಇಳಿಯುತ್ತದೆ. ಅಗಲ ಹೆಚ್ಚಾಗಿ ಚೈನಿನ ಕಡೆಯ ಸಂದು ಕಿರಿದಾಗುತ್ತದೆ, ಗೋಡೆ ಗಿಡ್ಡವಾಗಿ ಕಲ್ಲಿನ ಪೆಟ್ಟು ರಿಮ್ಮಿಗೆ ಬೇಗ ತಲುಪುತ್ತದೆ. ಎರಡು ಚಕ್ರಗಳ ವೇಗವನ್ನು ಗಮನಿಸುತ್ತಾ ಕೆಲಸ ಮಾಡುವ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿನಲ್ಲಿ ಚಂದಕ್ಕಾಗಿ ವ್ಯಾಸ ಬದಲಾಯಿಸುವ ಮನಸ್ಸು ನನಗಿರಲಿಲ್ಲ. ಪಕ್ಕದಲ್ಲಿ 64ಎಸ್ ಎಂದು ಬರೆದಿದ್ದನ್ನೂ ನೋಡಿಕೊಂಡೆ: 64 ಎಂದರೆ 280 ಕಿಲೋ ಭಾರ, ಎಸ್ ಎಂದರೆ ಗಂಟೆಗೆ 180 ಕಿಲೋಮೀಟರ್ ವೇಗ ತಾಳುತ್ತದೆಂದು ಅರ್ಥ. ಹೆಂಡತಿ, ಎರಡು ಚೀಲ, ತೋಟದಿಂದ ಬರುವಾಗ ಒಂದು ಗೊನೆ ಬಾಳೆಕಾಯಿ ಇಷ್ಟನ್ನೂ ಲೆಕ್ಕ ಹಾಕಿದರೂ ಸಾಕಷ್ಟು ಅಂತರ ಉಳಿಯುತ್ತದೆ. ತಯಾರಾದ ದಿನಾಂಕವನ್ನು ಮಾತ್ರ ಕಣ್ಣಾರೆ ಓದಬೇಕು. ಮೊದಲು ಕೊಟ್ಟ ಟೈರಿನ ಮೇಲೆ 0922 ಎಂದಿತ್ತು, ಅಂದರೆ 2022ರ ಒಂಬತ್ತನೆಯ ವಾರ. ಮೂರು ವರ್ಷ ಗೋದಾಮಿನಲ್ಲಿ ಒಣಗಿದ ರಬ್ಬರು. ತೋರಿಸಿದಾಗ ಅವರು ಮರುಮಾತಿಲ್ಲದೆ ಒಳಗಿನಿಂದ 3824 ಎಂದಿದ್ದನ್ನು ತಂದುಕೊಟ್ಟರು.

ಭಾನುವಾರ ಬೆಳಿಗ್ಗೆ ಭಾವ ಬಂದವರು, “ಎಂತ ಮಾರಾಯ, ಪಂಕ್ಚರ್ ಅಂಗಡಿಗೆ ಕೊಟ್ರೆ ಅರ್ಧ ಗಂಟೆಯ ಕೆಲಸ,” ಎಂದು ಹೇಳುತ್ತಲೇ ಪಂಚೆ ಎತ್ತಿ ಕಟ್ಟಿ ಕೂತರು. ಹಿಂದಿನ ಚಕ್ರ ಇಳಿಸುವುದು ಸುಲಭ. ಟೈರಿನ ಬೀಡನ್ನು, ಅಂದರೆ ರಿಮ್ಮಿಗೆ ಕಚ್ಚಿ ಕೂರುವ ಒಳ ಅಂಚನ್ನು, ರಿಮ್ಮಿನಿಂದ ಬಿಡಿಸುವುದು ಕಷ್ಟ, ಏಕೆಂದರೆ ಎರಡು ವರ್ಷಗಳಲ್ಲಿ ಅದು ತುಕ್ಕು ಮತ್ತು ಮಣ್ಣಿನಿಂದ ಅಂಟಿಹೋಗಿತ್ತು. ಚಕ್ರವನ್ನು ಗೋಣಿಯ ಮೇಲೆ ಮಲಗಿಸಿ, ಭಾವನ ಸ್ಕೂಟರಿನ ಸೈಡ್ ಸ್ಟ್ಯಾಂಡನ್ನು ರಿಮ್ಮಿನ ಪಕ್ಕದಲ್ಲೇ ಟೈರಿನ ಮೇಲೆ ಊರಿ, ಸ್ಕೂಟರನ್ನು ನಿಧಾನವಾಗಿ ಅದರ ಮೇಲೆ ವಾಲಿಸಿದೆವು. ಮೂರನೆಯ ಜಾಗದಲ್ಲಿ ‘ಫಟ್’ ಎಂದು ಬಿಟ್ಟುಕೊಂಡಿತು.

ಟೈರು ಕಳಚಿದಾಗ ರಿಮ್ಮಿನೊಳಗೆ ಒಂದು ಚಮಚದಷ್ಟು ಕೆಂಪು ಮಣ್ಣು ಕಲಸಿದ ಕುಂಕುಮದಂತೆ ಕೂತಿತ್ತು. ಸ್ಪೋಕಿನ ತೂತುಗಳಿಂದ ನೀರು ಇಳಿಯುವುದು ತಿಳಿದ ಸಂಗತಿಯೇ, ಆದರೆ ಇಷ್ಟು ಎಂದು ಎಣಿಸಿರಲಿಲ್ಲ. ರಿಮ್ ಟೇಪು ಒಂದು ಕಡೆ ಸರಿದು, ಬಯಲಾದ ಎರಡು ಸ್ಪೋಕ್ ನಿಪ್ಪಲುಗಳ ತಲೆ ಟ್ಯೂಬಿನ ಮೇಲೆ ಗುಂಡುಗುಂಡಗಿನ ಗುರುತು ಮೂಡಿಸಿತ್ತು. ಇನ್ನೊಂದು ಮಳೆಗಾಲಕ್ಕೆ ಅದೇ ಜಾಗದಲ್ಲಿ ತೂತಾಗುತ್ತಿತ್ತು. ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಒರೆಸಿ, ಒಣಗಿಸಿ, ಹೊಸ ಟೇಪು ಕೂರಿಸಿದೆ. ಈ ರಿಮ್ಮನ್ನು ಒಳಗಿನಿಂದ ಅಂಟು ಹಾಕಿ ಟ್ಯೂಬ್‌ಲೆಸ್ ಮಾಡಿಕೊಳ್ಳಬಹುದಲ್ಲ ಎಂದು ಭಾವ ಕೇಳಿದರು. ಟ್ಯೂಬ್‌ಲೆಸ್ ರಿಮ್ಮುಗಳಲ್ಲಿ ಗಾಳಿ ಇಳಿದರೂ ಬೀಡು ಒಳಗೆ ಜಾರದಂತೆ ತಡೆಯುವ ಒಂದು ಏಣು ಇರುತ್ತದೆ. ಟ್ಯೂಬಿಗೆಂದೇ ಮಾಡಿದ ರಿಮ್ಮಿನಲ್ಲಿ ಅದು ಇಲ್ಲದೆ ಹೋದರೆ, ಘಾಟಿಯಲ್ಲಿ ಗಾಳಿ ಹೋದ ಗಳಿಗೆಯಲ್ಲಿ ಟೈರು ರಿಮ್ಮನ್ನೇ ಬಿಟ್ಟು ಬರಬಹುದು. ಟ್ಯೂಬೇ ಸಾಕೆಂದೆ.

ಹೊಸ ಟೈರಿನ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗಿದೆಯೇ ನೋಡಿ, ಹಗುರ ಭಾಗವನ್ನು ಸೂಚಿಸುವ ಹಳದಿ ಚುಕ್ಕೆಯನ್ನು ವಾಲ್ವಿನ ನೇರಕ್ಕೆ ತಂದೆ. ಟ್ಯೂಬಿಗೆ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿದೆ. ಬೀಡಿಗೆ ಸೋಪಿನ ನೀರೇ ಆಗಬೇಕು. ನಮ್ಮ ಕಡೆ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆಯಾದರೂ ಅದು ಒಣಗುವುದಿಲ್ಲ. ಬ್ರೇಕ್ ಹಿಡಿದಾಗ ಟೈರು ರಿಮ್ಮಿನ ಮೇಲೆ ಸರಿಯುತ್ತದೆ.

ಕೊನೆಯ ಒಂದು ಗೇಣು ಬೀಡು ಉಳಿದಿತ್ತು. ಎದುರು ಬದಿಯ ಬೀಡನ್ನು ಮೊಣಕಾಲಿನಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿದರೆ ಈ ಬದಿ ತಾನಾಗಿ ಸಡಿಲವಾಗುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಬಿಸಿಲೇರಿ ಬೆವರು ಕಣ್ಣಿಗಿಳಿಯುತ್ತಿದ್ದಾಗ, ಒತ್ತುವ ಬದಲು ಟೈರು ಏರಿಸುವ ಲಿವರನ್ನು ಬಲವಾಗಿ ಮೀಟಿದೆ. ಬೀಡು ಒಳಗೆ ಬಿತ್ತು. ನಾಲ್ಕು ಸಲ ಪಂಪ್ ಹೊಡೆದ ಮೇಲೆ ಎಲ್ಲೋ ಹಾವು ಬುಸುಗುಟ್ಟಿದಂತೆ ಸಣ್ಣ ಸದ್ದು. ಮತ್ತೆ ಎಲ್ಲವನ್ನೂ ಬಿಚ್ಚಿ ಟ್ಯೂಬನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದಾಗ, ವಾಲ್ವಿನಿಂದ ಒಂದು ಬೆರಳು ದೂರದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಸೀಳು ಕಂಡಿತು; ಲಿವರಿನ ತುದಿ ಟ್ಯೂಬನ್ನು ರಿಮ್ಮಿಗೆ ಒತ್ತಿ ಹಿಂಡಿದ ಗಾಯ. ಪ್ಯಾಚ್ ಹಾಕಿದೆನಾದರೂ, ವಾಲ್ವಿಗೆ ಅಷ್ಟು ಹತ್ತಿರದ ಪ್ಯಾಚನ್ನು ನಂಬಲಾರದೆ ಆ ಟ್ಯೂಬನ್ನು ಚೀಲಕ್ಕೆ ಸೇರಿಸಿ, ಬಿಡಿಯಾಗಿ ತಂದಿಟ್ಟಿದ್ದ ಇನ್ನೊಂದನ್ನು ಹಾಕಿದೆ. ಎರಡನೆಯ ಸಲ ಭಾವ ಎದುರು ಬದಿಯಲ್ಲಿ ಎರಡೂ ಮೊಣಕಾಲೂರಿ ಕೂತರು. ಕೊನೆಯ ಗೇಣನ್ನು ಲಿವರೇ ಇಲ್ಲದೆ ಅಂಗೈಯಿಂದ ಒತ್ತಿ ಕೂರಿಸಿದೆ. ಅವರು ಏನೂ ಹೇಳಲಿಲ್ಲ, ಗಂಟೆ ನೋಡಿದರು.

ಗಾಳಿಯ ಒತ್ತಡವನ್ನು 40 ಪಿಎಸ್‌ಐವರೆಗೆ ಏರಿಸಿ ಬೀಡು ಕೂತ ಸದ್ದು ಎರಡು ಬಾರಿ ಕೇಳಿದ ಮೇಲೆ, ರಿಮ್ಮಿನ ಪಕ್ಕದ ಗೆರೆ ಸುತ್ತಲೂ ಒಂದೇ ಅಂತರದಲ್ಲಿದೆಯೇ ಎಂದು ನೋಡಿ ಗಾಳಿ ಇಳಿಸಿದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಲಿಲ್ಲ. ಮೇಲಕ್ಕೆ ತಂದು ಮುಚ್ಚಳದ ಅಡಿಗೆ ನಿಲ್ಲಿಸಿದೆ. ಟೈರು ರಿಮ್ಮಿನ ಮೇಲೆ ಸರಿದರೆ ವಾಲ್ವು ಓರೆಯಾಗಿ ಮೊದಲೇ ಸುಳಿವು ಕೊಡುತ್ತದೆ. ನಟ್ಟು ಬಿಗಿದಿದ್ದರೆ ಸುಳಿವಿಲ್ಲದೆ ಬುಡದಲ್ಲೇ ಹರಿಯುತ್ತದೆ. ಚಕ್ರ ಏರಿಸಿ, ಚೈನಿನ ಎರಡೂ ಬದಿಯ ಗುರುತು ಸಮ ಮಾಡಿ, ಹೊರಡುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿದೆ. ಚಕ್ರ ಕೂರಿಸುವಾಗ ಹಿಂದೆ ಸರಿದ ಬ್ರೇಕ್ ಪ್ಯಾಡುಗಳು ಮೊದಲ ಒತ್ತಿಗೆ ಹಿಡಿಯುವುದಿಲ್ಲ.

ಒಂದು ವಾರ ಈ ಮಿಶ್ರ ಜೋಡಿಯಲ್ಲಿ ಓಡಿಸಿದೆ. ಒಣ ದಾರಿಯಲ್ಲಿ ದೂರಲು ಏನೂ ಇರಲಿಲ್ಲ. ಎಂಟನೆಯ ದಿನ ಸಂಜೆ ಮೂಲ್ಕಿ ದಾಟುವಾಗ ಸಿಡಿಲಿನೊಂದಿಗೆ ಮಳೆ ಹೊಡೆಯಿತು. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ಮೇಲೆದ್ದು ರಸ್ತೆ ಅತಿ ಹೆಚ್ಚು ಜಾರುವುದು ಇಂಥ ಮೊದಲ ಮಳೆಯಲ್ಲೇ. ಹೆಜಮಾಡಿ ಟೋಲಿನ ಸಾಲು ಕಂಡು ಸಾಧಾರಣವಾಗಿ ಬ್ರೇಕ್ ಹಿಡಿದೆ. ಹಿಂದಿನ ಚಕ್ರ ಸುಮ್ಮನಿತ್ತು. ಮುಂದಿನದರ ಎಬಿಎಸ್ ಬ್ರೇಕ್ ಲಿವರನ್ನು ಬೆರಳಡಿಯಲ್ಲಿ ಟಕಟಕನೆ ಕುಟ್ಟಿತು, ನಿಲ್ಲಬೇಕೆಂದುಕೊಂಡ ಜಾಗವನ್ನು ಒಂದು ಕಾರಿನ ಉದ್ದ ದಾಟಿ ನಿಂತೆ. ಬೈಕಿನ ಬ್ರೇಕಿನ ಹೆಚ್ಚಿನ ಕೆಲಸವೆಲ್ಲ ಮುಂದಿನ ಚಕ್ರದ್ದೇ. ಗರಗಸವಾದ ಬಟನ್ನುಗಳ ಮೇಲೆ ಆ ಕೆಲಸ ಹೊರಿಸಿ, ಹಿಂದಕ್ಕೆ ಮಾತ್ರ ಒಳ್ಳೆಯ ಟೈರು ಹಾಕಿದ್ದೆ. ಮರುದಿನವೇ ಮುಂದಕ್ಕೂ ಅದೇ ಜಾತಿಯ, ನಡುಭಾಗದಲ್ಲಿ ರಬ್ಬರು ಒತ್ತಾಗಿ ಅಂಚಿನಲ್ಲಿ ಮಾತ್ರ ಸ್ವಲ್ಪ ಬಿಡಿಬಿಡಿಯಾಗಿರುವ ಟೈರು ತಂದೆ. ಎರಡು ಟೈರು, ಮೂರು ಟ್ಯೂಬು, ಟೇಪು ಎಲ್ಲ ಸೇರಿ ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆಯಾಯಿತು. ಮುಂದಿನ ಚಕ್ರದ ಕೆಲಸ ನಲವತ್ತು ನಿಮಿಷದಲ್ಲಿ ಮುಗಿಯಿತು. ಅದರ ಬಗ್ಗೆ ಹೇಳಲು ವಿಶೇಷವಿಲ್ಲ.

ಗಾಳಿಯ ಪರೀಕ್ಷೆಯನ್ನು ತೋಟದ ದಾರಿಯಲ್ಲೇ, ಒಂದೇ ಬೆಳಿಗ್ಗೆ, ಒಬ್ಬನೇ ಕೂತು ಮಾಡಿದೆ. ಹಿಂದೆ 32 ಪಿಎಸ್‌ಐ ಇದ್ದಾಗ ಚರಳಿನ ಮೇಲೆ ಬೈಕು ಕುಪ್ಪಳಿಸುತ್ತಾ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತಿತ್ತು. 28ಕ್ಕೆ ಕುಪ್ಪಳಿಸುವುದು ಕಡಿಮೆಯಾಯಿತು. ಹಿಂದೆ 24, ಮುಂದೆ 20 ಮಾಡಿದಾಗ ಟೈರು ಕಲ್ಲನ್ನು ಅಪ್ಪಿ ಹಿಡಿದಂತೆ ಭಾಸವಾಗಿ, ಅದೇ ಏರನ್ನು ಎರಡನೆಯ ಗೇರಿನಲ್ಲಿ ಹತ್ತಿದೆ. ಹಳೆಯ ಬಟನ್ ಟೈರು ಪೂರ್ತಿ ಗಾಳಿಯಲ್ಲಿ ಇಷ್ಟು ಚೆನ್ನಾಗಿ ಹತ್ತಿದ ನೆನಪಿಲ್ಲ. ಹಿಂದೆ 20ಕ್ಕೆ ಇಳಿಸಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. ಒಂದು ಮುರಕಲ್ಲಿನ ಅಂಚಿಗೆ ರಿಮ್ಮು ತಾಗಿದ ಸದ್ದು ಮಾತ್ರ ಕೇಳಿತು. ಟ್ಯೂಬಿನ ಚಕ್ರದಲ್ಲಿ ಆ ಸದ್ದಿನ ಮುಂದಿನ ಹಂತವೆಂದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು. ಆದ್ದರಿಂದ ಹಿಂದೆ 24ಕ್ಕಿಂತ ಕೆಳಗೆ ಹೋಗುವುದಿಲ್ಲ. ಡಾಮರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಗೋಡೆ ಮಡಚಿ ಮಡಚಿ ಬಿಸಿಯೇರುತ್ತದೆ. ಸೀಟಿನಡಿಯಲ್ಲಿ ಸೈಕಲ್ ಪಂಪಿನಷ್ಟೇ ಗಾತ್ರದ ಒಂದು ಪಂಪ್ ಇಟ್ಟುಕೊಂಡಿದ್ದೇನೆ. ಅಳೆಯುವುದು ಟೈರು ತಣ್ಣಗಿರುವಾಗ. ಬಿಸಿಯಾದ ಟೈರು ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐಯಂತೆ ಹೆಚ್ಚು ತೋರಿಸುತ್ತದೆ.

ಈಗ ಜುಲೈ ಕೊನೆ. ಹೊಸ ಹಿಂದಿನ ಟೈರು 2,300 ಕಿಲೋಮೀಟರ್ ಓಡಿದೆ, ನಡುವೆ ಸವೆದದ್ದು 1 ಮಿಲಿಮೀಟರಿಗಿಂತ ಕಡಿಮೆ. ಆಗುಂಬೆಯನ್ನು ಎರಡು ಸಲ ಮಳೆಯಲ್ಲೇ ಹತ್ತಿ ಇಳಿದಿದ್ದೇನೆ. ತಿರುವಿನಲ್ಲಿ ಬೈಕು ಮೊದಲಿನಿಂದ ಕೊನೆಯವರೆಗೂ ಒಂದೇ ಹದದಲ್ಲಿ ವಾಲುತ್ತದೆ. ತೋಟದ ದಾರಿಯ ಕೊನೆಯ ತಗ್ಗಿನಲ್ಲಿ ಕೆಸರು ಮೊಣಕಾಲಿಗೆ ಬಂದ ದಿನ ಮಾತ್ರ ಬಟನ್ ಟೈರು ಬೇಕಿತ್ತು ಅನ್ನಿಸಿತು. ಬೈಕನ್ನು ದೈವದ ಗುಡಿಯ ಬಳಿ ನಿಲ್ಲಿಸಿ ಉಳಿದ 400 ಮೀಟರ್ ಕೊಡೆ ಹಿಡಿದು ನಡೆದೆ. ಹಿಂದಿನ ವಾಲ್ವು ನೆಟ್ಟಗೇ ಇದೆ. ಮುಂದಿನ ಚಕ್ರದಲ್ಲಿ ಎರಡು ಸ್ಪೋಕುಗಳು ಬಡಿದಾಗ ಮಂಕಾಗಿ ಸದ್ದು ಮಾಡುತ್ತಿದ್ದವು, ಬಿಗಿ ಮಾಡಿದ್ದೇನೆ. ಪ್ಯಾಚ್ ಹಾಕಿದ ಟ್ಯೂಬು ಇನ್ನೂ ಚೀಲದಲ್ಲೇ ಇದೆ.